ಯಥಾಸ್ಥಿತಿ ಎಂಬ ಪದವೂ ಕಾಜಕ್ಕನ ಕಕ್ಕಸಿನ ಬಾಗಿಲೂ

ಕಾಜಕ್ಕನನ್ನು ನೀವು ನೋಡಿರಲಿಕ್ಕಿಲ್ಲ. ಅವಳ ಕೆಲಸವನ್ನು ಮಾತ್ರ ದಿನಾ ಬೆಳಿಗ್ಗೆ ಮುಟ್ಟುತ್ತೀರಿ. ಅಂಗಿಯ ಗುಂಡಿ ತೂರಿಸುವ ಸಣ್ಣ ಸೀಳು ಇದೆಯಲ್ಲ, ಅದೇ ಕಾಜಾ. ದರ್ಜಿಗಳು ಅಂಗಿ ಹೊಲಿದು ಕಟ್ಟು ಕಟ್ಟಿ ಅವಳ ಮನೆಗೆ ಕಳಿಸುತ್ತಾರೆ. ಅವಳು ಸೀಳು ಹಾಕಿ, ಅದರ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತಿ, ಗುಂಡಿ ಹಚ್ಚಿ ವಾಪಸು ಕೊಡುತ್ತಾಳೆ. ಈಗ ಆ ಕೆಲಸಕ್ಕೂ ಯಂತ್ರ ಬಂದಿದೆ. ಆದರೂ ಕೈಕಾಜಾವೇ ಬೇಕು ಎನ್ನುವ ಹಠಮಾರಿಗಳು ಊರಲ್ಲಿ ಇನ್ನೂ ಇರುವುದರಿಂದ ಅವಳ ಒಲೆ ಉರಿಯುತ್ತಿದೆ.

ಮದುವೆಯಾಗಿ ಬಂದಾಗಿನಿಂದ ಅವಳು ಇರುವುದು ಒಂದೇ ಮನೆಯಲ್ಲಿ. ಹಳೆಯ ಕಟ್ಟಡದ ಎರಡನೇ ಮಹಡಿ, ಒಂದು ಕೋಣೆ, ಅರ್ಧ ಅಡುಗೆಮನೆ, ಬೀದಿಗೆ ತೆರೆಯುವ ಒಂದು ಕಿಟಕಿ. ಆ ಕಿಟಕಿಯ ಕೆಳಗೆ ಕೂತು ಕಾಜಾ ಹಾಕುತ್ತಾಳೆ. ಗಂಡ ಬೀಗದ ಕೈ ಮಾಡುವವನು. ಊರಿನ ಬೀಗಗಳನ್ನೆಲ್ಲ ತೆರೆದವನು ಒಂದು ಜ್ವರಕ್ಕೆ ಸೋತು ಹೋದ. ಉಳಿದದ್ದು ಅತ್ತೆ, ಸೊಸೆ. ಅತ್ತೆ ದೊಡ್ಡ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಎದ್ದು ಓಡಾಡಲಾಗದವರ ಮಲ ಮೂತ್ರವನ್ನು ಮುಖ ಸಿಂಡರಿಸದೆ ಎತ್ತಿದವರು. ಎತ್ತುವ ಮುಂಚೆ ಮಂಚದ ಸುತ್ತ ಪರದೆ ಎಳೆಯುವುದನ್ನು ಒಂದು ಸಲವೂ ಮರೆಯಲಿಲ್ಲವಂತೆ. "ರೋಗಿಗೆ ಔಷಧಿ ಆಮೇಲೆ ಕೊಟ್ರೂ ನಡಿಯತ್ತೆ, ಪರದೆ ಮೊದ್ಲು" ಎನ್ನುವುದು ಅವರ ವೈದ್ಯಶಾಸ್ತ್ರ.

ಆ ಮಹಡಿಗೆ ಕಕ್ಕಸು ಒಂದೇ, ಮೊಗಸಾಲೆಯ ತುದಿಯಲ್ಲಿ. ಪತ್ರಿಕೆಯವರು ಶೌಚಾಲಯ ಎಂದು ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಬಾಗಿಲಿದ್ದರೆ ಆಲಯ ಅನ್ನಬಹುದಿತ್ತು.

ಬಾಗಿಲು ಇತ್ತು, ಇರಲಿಲ್ಲ ಅಂತಲ್ಲ. ನೀರು ಕುಡಿದು ಉಬ್ಬಿ, ಚೌಕಟ್ಟಿಗೆ ಕಚ್ಚಿಕೊಂಡು, ಒಳಗೆ ಹೋದವರು ಹೊರಗೆ ಬರಬೇಕಾದರೆ ಹೊರಗಿನವರು ಒದೆಯಬೇಕಾಗಿತ್ತು. ಕಾಜಕ್ಕ ಮುತುವರ್ಜಿ ವಹಿಸಿ ಬೀದಿ ಕೊನೆಯ ಬಡಗಿಯನ್ನು ಕರೆತಂದಳು. ಬಡಗಿ ಬಾಗಿಲನ್ನು ಕಳಚಿಕೊಂಡು, "ಅಂಚು ಹೆರೆದು ಸಂಜೆಗೆ ತಂದು ಹಾಕ್ತೀನಿ ಅಕ್ಕ" ಎಂದು ತಲೆಯ ಮೇಲೆ ಹೊತ್ತುಕೊಂಡು ಹೋದ.

ಆ ಸಂಜೆ ಬರುವ ಮುಂಚೆ ಕೋರ್ಟಿನ ಅಮೀನ ಬಂದ.

ಕಟ್ಟಡಕ್ಕೆ ಇಬ್ಬರು ಒಡೆಯರು, ಅಣ್ಣ ತಮ್ಮ. ಅಣ್ಣನಿಗೆ ಅದನ್ನು ಕೆಡವಿ ಅಂಗಡಿಗಳ ಸಾಲು ಎಬ್ಬಿಸುವ ಆಸೆ. ತಮ್ಮನಿಗೆ ಅಣ್ಣ ಏನು ಮಾಡಿದರೂ ಆಗಬಾರದು ಎನ್ನುವ ಆಸೆ. ತಮ್ಮ ಕೋರ್ಟಿಗೆ ಹೋದ. ನ್ಯಾಯಾಧೀಶರು ಕಟ್ಟಡದ ಮೇಲೆ ಯಥಾಸ್ಥಿತಿ ಆದೇಶ ಕೊಟ್ಟರು. ಅಂದರೆ ವ್ಯಾಜ್ಯ ಮುಗಿಯುವವರೆಗೆ ಇದ್ದದ್ದು ಇದ್ದ ಹಾಗೇ ಇರತಕ್ಕದ್ದು. ಯಾರೂ ಕೂಡಿಸಬಾರದು, ಯಾರೂ ಕಳೆಯಬಾರದು. ಒಳ್ಳೆಯ ಪದ. ಅದು ಇಲ್ಲದಿದ್ದರೆ ಮಾರನೆಯ ದಿನವೇ ಅಣ್ಣನ ಹಾರೆ ಪಿಕಾಸಿಗಳು ಗೋಡೆಗೆ ಬೀಳುತ್ತಿದ್ದವು, ಕಾಜಕ್ಕ ಸೂಜಿದಾರದ ಡಬ್ಬಿ ಹಿಡಿದು ಬೀದಿಯಲ್ಲಿ ನಿಲ್ಲುತ್ತಿದ್ದಳು. ಬಾಡಿಗೆದಾರರೆಲ್ಲ ಆ ದಿನ ಒಬ್ಬರಿಗೊಬ್ಬರು ಸಕ್ಕರೆ ಹಂಚಿದರು.

ಇದ್ದದ್ದು ಏನೇನು ಎಂದು ಬರೆದುಕೊಳ್ಳಲು ಬಂದವನೇ ಅಮೀನ. ಒಂದೊಂದು ಮೆಟ್ಟಿಲು, ಒಂದೊಂದು ಕಿಟಕಿ ನೋಡಿ ಬರೆದ. ಮೊಗಸಾಲೆಯ ತುದಿಗೆ ಬಂದು, "ಕಕ್ಕಸು, ಬಾಗಿಲಿಲ್ಲ" ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದ.

"ಬಾಗಿಲಿದೆ ಸ್ವಾಮಿ. ಬಡಗಿ ಹತ್ರ ಹೋಗಿದೆ. ಇನ್ನೇನು ಬರತ್ತೆ" ಎಂದಳು ಕಾಜಕ್ಕ.

"ಬಂದಿದ್ಯಾ?"

"ಬರತ್ತೆ ಅಂದ್ನಲ್ಲ."

"ನೋಡಮ್ಮಾ, ನಾನು ಕಂಡದ್ದನ್ನ ಬರೆಯೋನು. ಕೇಳಿದ್ದನ್ನ ಬರೆಯೋ ನೌಕರಿ ಬೇರೆಯವರಿಗಿದೆ."

ಅಮೀನನನ್ನು ಬೈಯಬೇಡಿ. ಅವನು ಪ್ರಾಮಾಣಿಕ. ಈ ಕಥೆಯಲ್ಲಿ ಬರುವವರೆಲ್ಲ ಪ್ರಾಮಾಣಿಕರೇ, ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ.

ಸಂಜೆ ಬಡಗಿ ಹೇಳಿದ ಮಾತಿನಂತೆ ಬಾಗಿಲು ಹೊತ್ತು ಬಂದ. ಅದೇ ಮಹಡಿಯಲ್ಲಿರುವ ರೈಲ್ವೆಯ ನಿವೃತ್ತ ಗಾರ್ಡ್ ಮೆಟ್ಟಿಲ ಮೇಲೇ ಎರಡೂ ಕೈ ಚಾಚಿ ಅವನನ್ನು ತಡೆದರು.

"ನಿಲ್ಲಿಸು! ಅದನ್ನ ಹಾಕಿದ್ರೆ ನ್ಯಾಯಾಂಗ ನಿಂದನೆ ಆಗತ್ತೆ. ಇವತ್ತು ನಾವು ಬಾಗಿಲು ಕೂಡಿಸಿದ್ರೆ ನಾಳೆ ಅಣ್ಣಯ್ಯ ಬಂದು ಗೋಡೆ ಕಳೀತಾನೆ. ಕೇಳಿದ್ರೆ, ಮೊದ್ಲು ಅವ್ರು ಮುರಿದ್ರು ಅಂತಾನೆ."

"ಈ ಬಾಗಿಲು ಇಲ್ಲೀದೇ ಅಲ್ವಾ ಸಾಹೇಬ್ರೇ?" ಎಂದ ಬಡಗಿ.

"ಇತ್ತು. ಈಗ ಇಲ್ಲ. ಇಲ್ಲದ್ದು ಇಲ್ಲದ ಹಾಗೇ ಇರ್ಬೇಕು."

ದಾವೆಯಲ್ಲಿ ಬಾಡಿಗೆದಾರರನ್ನೂ ಪ್ರತಿವಾದಿಗಳಾಗಿ ಸೇರಿಸಿದ್ದರಿಂದ ಅವರ ಪರವಾಗಿ ಒಬ್ಬರು ವಕೀಲರಿದ್ದರು. ಅವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು, ಇನ್ನೂ ಚೆನ್ನಾಗಿ ಹೇಳಿದರು. ಅವರ ಕಚೇರಿಗೆ ಹೊಂದಿಕೊಂಡೇ ಕಕ್ಕಸಿತ್ತು. ಬಾಗಿಲಿಗೆ ಹಿತ್ತಾಳೆಯ ಹಿಡಿಯಿತ್ತು. ಬಡಗಿ ಬಾಗಿಲನ್ನು ವಾಪಸು ಹೊತ್ತುಕೊಂಡು ಹೋಗಿ ಹಲಗೆ ಇಟ್ಟು ಕೊಯ್ಯುವ ಎರಡು ಮರದ ಕುದುರೆಗಳ ಮೇಲೆ ಅಡ್ಡ ಹಾಕಿ, ಮಧ್ಯಾಹ್ನ ಅದರ ಮೇಲೆ ಮಲಗತೊಡಗಿದ.

ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ ಎನ್ನುತ್ತಾರೆ. ಹೊಗಳಿಕೆಯೆಂದು ತಿಳಿದು ಹೇಳುತ್ತಾರೆ. ಆ ಮಹಡಿಯವರೂ ಒಗ್ಗಿಕೊಂಡರು. ಒಳಗಿರುವವರು ಸದ್ದು ಮಾಡುತ್ತಲೇ ಇರಬೇಕು ಎಂದು ನಿಯಮವಾಯಿತು. ಗಾರ್ಡ್ ಸಾಹೇಬರು ತಮ್ಮ ಹಳೆಯ ಸೀಟಿ ಊದಿ ಒಳಗೆ ಹೋಗುತ್ತಿದ್ದರು, ಊದಿ ಹೊರಗೆ ಬರುತ್ತಿದ್ದರು. ತುದಿ ಕೋಣೆಯ ಟೀಚರಮ್ಮ ಮಗ್ಗಿ ಹೇಳುತ್ತಿದ್ದರು. ಹೊಟ್ಟೆ ಸರಿಯಿಲ್ಲದ ದಿನ ಮಗ್ಗಿ ದೊಡ್ಡದಾಗುತ್ತಿತ್ತು, ಇಡೀ ಮಹಡಿಗೆ ತಿಳಿಯುತ್ತಿತ್ತು. ಕಾಜಕ್ಕ ಒಂದು ಹಳೆಯ ಸೀರೆಯನ್ನು ಪರದೆಯಾಗಿ ಇಳಿಬಿಟ್ಟಳು. ತಮ್ಮನ ಕಡೆಯ ವಕೀಲ ಮುಂದಿನ ವಿಚಾರಣೆಯ ವಾಯಿದೆಯಲ್ಲೇ ತಕರಾರು ಹಾಕಿದ: ಸ್ಥಳದಲ್ಲಿ ಹೊಸದಾಗಿ ಜವಳಿ ಕಾಣಿಸಿಕೊಂಡಿದೆ. ಸೀರೆ ಇಳಿಯಿತು.

ಪದ ಮಾತ್ರ ಮಹಡಿ ತುಂಬ ಓಡಾಡತೊಡಗಿತು. ಟೀಚರಮ್ಮನ ಗಂಡನಿಗೆ ಕುರ್ಚಿ ಬಿಟ್ಟೇಳಿ ಎಂದರೆ, "ಯಥಾಸ್ಥಿತಿ ಕಣೇ" ಎನ್ನುತ್ತಿದ್ದ. ಪಾತ್ರೆ ಯಾಕೆ ತೊಳೆದಿಲ್ಲ ಎಂದು ಅವನು ಕೇಳಿದರೆ ಟೀಚರಮ್ಮನೂ ಅದನ್ನೇ ಅನ್ನುತ್ತಿದ್ದರು. ಗಾರ್ಡ್ ಸಾಹೇಬರು ಎರಡು ಮನೆಗಳ ನಡುವೆ ಕಸದ ಡಬ್ಬಿಯ ಜಗಳ ಬಿಡಿಸಿ, ಡಬ್ಬಿಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಯಥಾಸ್ಥಿತಿ ಘೋಷಿಸಿದರು. ಅಣ್ಣನಿಗೆ ಆ ಪದ ಎಂದರೆ ಸೋಲು, ತಮ್ಮನಿಗೆ ಗೆಲುವು, ವಕೀಲರಿಗೆ ಅನ್ನ. ಅಧಿಕಾರದಲ್ಲಿರುವವರ ಬಾಯಲ್ಲಿ ಅದು ಶಾಂತಿ ಎಂಬ ಪದದ ನೆಂಟನ ಹಾಗೆ ಕೇಳಿಸುತ್ತದೆ. ಒಂದು ಮಾತು ಹೇಳುತ್ತೇನೆ, ಪದಕೋಶದಲ್ಲಿ ಹುಡುಕಬೇಡಿ. ಯಥಾಸ್ಥಿತಿಯ ಅರ್ಥ ಏನೆಂಬುದು, ಆದೇಶ ಬಂದ ದಿನ ನಿಮ್ಮ ಬಾಗಿಲು ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಚೌಕಟ್ಟಿನಲ್ಲಿ ಇದ್ದವರಿಗೆ ಅದು ನ್ಯಾಯ. ಬಡಗಿಯ ಅಂಗಡಿಯಲ್ಲಿ ಇದ್ದವರಿಗೆ ಅದು ಶಿಕ್ಷೆ.

ಅತ್ತೆ ಸೀಟಿ ಊದಲಿಲ್ಲ, ಮಗ್ಗಿ ಹೇಳಲಿಲ್ಲ. ಅವರು ನೀರು ಕುಡಿಯುವುದನ್ನು ಬಿಟ್ಟರು.

ಕಾಜಕ್ಕನಿಗೆ ತಡವಾಗಿ ಗೊತ್ತಾಯಿತು. ಮುದುಕಿ ಲೋಟ ತುಟಿಗೆ ತಾಗಿಸಿ ಕೆಳಗಿಡುತ್ತಿದ್ದರು, ಸೊಸೆ ಆಚೆ ತಿರುಗಿದಾಗ ಕಿಟಕಿಯಿಂದ ಚೆಲ್ಲುತ್ತಿದ್ದರು. ಒಂದು ದಿನ ಉರಿ, ನಡುಕ, ಅಸಂಬದ್ಧ ಮಾತು. ಗಾರ್ಡ್ ಸಾಹೇಬರೂ ಕಾಜಕ್ಕನೂ ಸೇರಿ ಆಸ್ಪತ್ರೆಗೆ ಹೊತ್ತರು. ಡಾಕ್ಟರಮ್ಮ ಗದರಿದರು: "ಯಾಕಮ್ಮ, ಮನೇಲಿ ನೀರಿಲ್ವಾ? ಇನ್ನೊಂದ್ಸಲ ಹಿಂಗಾದ್ರೆ ಮೂತ್ರಪಿಂಡ ಕೈಕೊಡತ್ತೆ. ಆಮೇಲೆ ನನ್ನ ಹತ್ರ ಬರ್ಬೇಡಿ."

"ನೀರಿದೆ ಡಾಕ್ಟ್ರೇ, ಬಾಗಿಲಿಲ್ಲ" ಎಂದಳು ಕಾಜಕ್ಕ.

ಡಾಕ್ಟರಮ್ಮನಿಗೆ ಏನು ಅರ್ಥವಾಯಿತೋ, ಒಂದು ಗುಳಿಗೆ ಹೆಚ್ಚಿಗೆ ಬರೆದರು.

ಅತ್ತೆಯನ್ನು ಮನೆಗೆ ತಂದು ಮಲಗಿಸಿ ಕಾಜಕ್ಕ ನೇರ ಬಡಗಿಯ ಅಂಗಡಿಗೆ ಹೋದಳು. ಅವನು ಬಾಗಿಲ ಮೇಲೆ ಮಲಗಿದ್ದ.

"ಏಳೋ ಮೇಲೆ. ಬಂದು ಹಾಕು."

"ಅಕ್ಕಾ, ಕೈ ಮುಗೀತೀನಿ. ನಾನು ಕೀಲು ಬಿಗಿದ್ರೆ ಅವ್ರು ನನ್ನ ಕೈ ಬಿಗೀತಾರೆ."

"ಹಾಗಾದ್ರೆ ಬಾಗಿಲು ಕೊಡು."

"ಬಿಗೀದೆ ಏನ್ಮಾಡ್ತೀಯ?"

"ಹಿಡ್ಕೊತೀನಿ."

ಹಿಡಿದುಕೊಂಡಳು. ಬಾಗಿಲು ಅವಳ ಕೋಣೆಯ ಗೋಡೆಗೆ ಒರಗಿರುತ್ತಿತ್ತು. ಅತ್ತೆಗೆ ಬೇಕಾದಾಗ ಅವಳೂ ಗಾರ್ಡ್ ಸಾಹೇಬರೂ ಅದನ್ನು ಹೆಣ ಹೊತ್ತ ಹಾಗೆ ಹೊತ್ತು ಮೊಗಸಾಲೆ ದಾಟಿಸುವುದು, ಚೌಕಟ್ಟಿಗೆ ಆನಿಸುವುದು, ಗಾರ್ಡ್ ಸಾಹೇಬರು ಮರ್ಯಾದೆಯಿಂದ ಹಿಂದೆ ಸರಿಯುವುದು, ಕಾಜಕ್ಕ ಬೆನ್ನು ಕೊಟ್ಟು ನಿಲ್ಲುವುದು. ನಮ್ಮ ಕಡೆಯ, ಅಂದರೆ ಬಾಡಿಗೆದಾರರ, ವಕೀಲರು ತಲೆದೂಗಿದರು: ಆದೇಶದಲ್ಲಿ ಬಾಗಿಲು ಜೋಡಿಸಬಾರದು, ಸರಿ. ಹಿಡಿಯಬಾರದು ಎಂದು ಎಲ್ಲಿದೆ? ಕ್ರಮೇಣ ಮಹಡಿಯವರೆಲ್ಲ ಒಬ್ಬರಿಗೊಬ್ಬರು ಬಾಗಿಲು ಹಿಡಿಯತೊಡಗಿದರು. ಸೀಟಿ ನಿಂತಿತು. ಅತ್ತೆ ನೀರು ಕುಡಿಯತೊಡಗಿದರು, ಆದರೆ ಲೆಕ್ಕ ಹಾಕಿ, ಗುಟುಕು ಗುಟುಕಾಗಿ. ಒಂದೊಂದು ಗುಟುಕೂ ಸೊಸೆಯ ಬೆನ್ನಿನ ಮೇಲೆ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ತಮ್ಮನ ಕಡೆಯ ವಕೀಲ ಹೊಸ ಅರ್ಜಿ ಹಾಕಿದ. ಆ ಅರ್ಜಿಯನ್ನು ನಾನು ಓದಿದ್ದೇನೆ. ಅದರಲ್ಲಿ ಕಾಜಕ್ಕನ ಹೆಸರಿಲ್ಲ. "ಮಾನವ ಕೀಲು" ಎಂದಿದೆ. ಸದರಿ ಮಾನವ ಕೀಲಿನ ಮೂಲಕ ಪ್ರತಿವಾದಿಗಳು ಬಾಗಿಲನ್ನು ಪರೋಕ್ಷವಾಗಿ ಸ್ಥಾಪಿಸಿರುತ್ತಾರೆ ಎಂದಿದೆ.

ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು. ಎಳೆಯ ವಕೀಲ, ಹೊಸ ಬೂಟು, ಸಂಕೋಚದ ಮುಖ. ಎರಡೂ ಕಡೆಯವರನ್ನು ಹಿಂದಿಟ್ಟುಕೊಂಡು ಅವನು ಮೊಗಸಾಲೆಗೆ ಬಂದಾಗ ಕಾಜಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಕೈಯಲ್ಲಿ ಅಂಗಿ, ಬಾಯಲ್ಲಿ ದಾರ.

"ಸ್ವಲ್ಪ ಸರೀರಿ. ಸ್ಥಳ ಪರಿಶೀಲನೆ ಮಾಡ್ಬೇಕು."

ಕಾಜಕ್ಕ ದಾರ ಕಚ್ಚಿಯೇ ತಲೆಯಾಡಿಸಿದಳು, ಆಗುವುದಿಲ್ಲ ಎಂದು.

"ಕೋರ್ಟಿನ ಆಜ್ಞೆ ಇದೆ ಅಮ್ಮಾ."

"ಅತ್ತೆ ಇದ್ದಾರೆ ಅಪ್ಪಾ."

ಕಮಿಷನರ್ ಕೆಂಪಾದ. "ಪರವಾಗಿಲ್ಲ, ಕಾಯ್ತೀನಿ" ಎಂದ. ಎಲ್ಲರೂ ಕಾದರು. ಅಣ್ಣ, ತಮ್ಮ, ಎರಡು ಕಡೆಯ ವಕೀಲರು, ಛಾಯಾಚಿತ್ರ ತೆಗೆಯುವವನು, ಒಂದು ಮುದುಕಿಯ ಕೆಲಸ ಮುಗಿಯಲಿ ಎಂದು ಗೋಡೆ ನೋಡುತ್ತಾ ಸಾಲಾಗಿ ನಿಂತರು. ಒಳಗಿನಿಂದ ಅತ್ತೆಯ ದನಿ ಬಂತು: "ಯಾರ್ ಬಂದಿದಾರೇ? ಇಷ್ಟು ಸುಮ್ನಿದಾರೆ ಅಂದ್ರೆ ದೊಡ್ಡೋರೇ ಇರ್ಬೇಕು."

ಕಮಿಷನರ್ ಕಂಡದ್ದನ್ನು ಬರೆದ. ಸ್ಥಳದಲ್ಲಿ ಒಂದು ಬಾಗಿಲು ಇರುತ್ತದೆ, ಅದನ್ನು ಒಬ್ಬ ಮಹಿಳೆ ಬೆನ್ನಿನಿಂದ ಆನಿಸಿಕೊಂಡು ನಿಂತಿರುತ್ತಾಳೆ. ಅವನ ಮಟ್ಟಿಗೆ ಅದು ಒಳ್ಳೆಯ ಉದ್ದೇಶದ ವರದಿಯೇ. ಬಾಗಿಲು ಇದೆ ಎಂದು ಕೋರ್ಟಿನ ಕಾಗದದಲ್ಲಿ ಮೊದಲ ಸಲ ಬಿತ್ತು. ನ್ಯಾಯಾಧೀಶರು ವರದಿ ಓದಿ, ಎರಡೂ ಕಡೆಯವರ ಮುಖ ನೋಡಿ, ರೋಸಿಹೋಗಿ ಹೇಳಿದರು: ಮುಂದಿನ ವಾಯಿದೆಯವರೆಗೆ ಕಮಿಷನರ್ ವರದಿಯಲ್ಲಿ ಕಂಡಂತೆ ಯಥಾಸ್ಥಿತಿ.

ನಮ್ಮ ಕಡೆಯ ವಕೀಲರು ಮೆಟ್ಟಿಲಿಳಿಯುತ್ತಾ ಕೈ ಕುಲುಕಲು ಬಂದರು. "ಗೆದ್ವಿ! ಬಾಗಿಲು ಉಳೀತು."

"ಅಂದ್ರೆ ಬಿಗೀಬಹುದಾ?"

"ಛೆ ಛೆ, ಬಿಗಿಯೋ ಹಾಗಿಲ್ಲ. ವರದೀಲಿ ಇದ್ದ ಹಾಗೆ ಇರ್ಬೇಕು."

"ವರದೀಲಿ ಹೇಗಿದೆ?"

ವಕೀಲರು ಕನ್ನಡಕ ಒರೆಸಿಕೊಂಡರು. "ನೀವು ನಿಂತಿದೀರಿ."

"ಎಷ್ಟು ಹೊತ್ತು?"

"ಅದನ್ನ ಅವ್ರು ಸ್ಪಷ್ಟ ಮಾಡಿಲ್ಲ."

ಇದನ್ನು ಓದಿ ನಗುವವರು ನಗಿ. ನಾನೂ ನಕ್ಕೆ, ಮೊದಲ ದಿನ. ಆಮೇಲೆ ಹೋಗಿ ನೋಡಿದೆ. ಕಕ್ಕಸಿನಲ್ಲಿ ಯಾರೂ ಇಲ್ಲದಿದ್ದರೂ ಕಾಜಕ್ಕ ಅಲ್ಲಿ ನಿಂತಿದ್ದಳು. ತಾನು ಸರಿದರೆ ಆದೇಶ ಮುರಿಯುತ್ತದೆ, ಆದೇಶ ಮುರಿದರೆ ಕಟ್ಟಡ ಬೀಳುತ್ತದೆ, ಮಹಡಿಯವರೆಲ್ಲ ಬೀದಿಗೆ ಬರುತ್ತಾರೆ. ಹಾಗೆಂದು ಮಹಡಿಯವರೇ ಅವಳಿಗೆ ದಿನಾ ನೆನಪು ಮಾಡುತ್ತಿದ್ದರು. ಗಾರ್ಡ್ ಸಾಹೇಬರು ಸರದಿ ಮೇಲೆ ತಾವೂ ನಿಲ್ಲುತ್ತೇನೆ ಎಂದು ಮುಂದೆ ಬಂದರು. ವಕೀಲರು ಬೇಡವೆಂದರು, ವರದಿಯಲ್ಲಿ "ಮಹಿಳೆ" ಎಂದಿದೆಯಂತೆ. ಟೀಚರಮ್ಮನಿಗೆ ಶಾಲೆ. ಅವಳ ಊಟದ ತಟ್ಟೆ ಅಲ್ಲಿಗೇ ಬರುತ್ತಿತ್ತು, ಆ ನಾತದ ನಡುವೆ. ಮೊಗಸಾಲೆಯ ಮಬ್ಬಿನಲ್ಲಿ ಕಾಜಾ ಸೊಟ್ಟಗಾಗತೊಡಗಿತು. ಒಬ್ಬ ದರ್ಜಿ ಅಂಗಿಯ ಕಟ್ಟು ವಾಪಸು ಕಳಿಸಿ, "ಇದೇನಕ್ಕಾ, ಗುಂಡಿ ಒಳಗೆ ತೂರಲ್ಲ, ಹೊಟ್ಟೆ ಹೊರಗೆ ಇಣುಕತ್ತೆ" ಎಂದು ಹೇಳಿ ಕಳಿಸಿದ.

ಒಂದು ಮಧ್ಯಾಹ್ನ, ಮುಗಿದ ಅಂಗಿಗಳನ್ನು ಕೊಟ್ಟು ಬರಲು ಅವಳು ಬಾಗಿಲನ್ನು ಗೋಡೆಗೆ ಒರಗಿಸಿ ಓಡುತ್ತಾ ಹೋಗಿ ಓಡುತ್ತಾ ಬಂದಳು. ಅಷ್ಟರಲ್ಲಿ ತಮ್ಮನ ಕಡೆಯವರು ಫೋಟೋ ತೆಗೆದಿದ್ದರು. ಮಾನವ ಕೀಲು ಸ್ಥಳದಿಂದ ನಾಪತ್ತೆ. ಮೆಟ್ಟಿಲ ಮೇಲೆ ಫೋಟೋ ತೋರಿಸಿ ನಕ್ಕರು. ಕಾಜಕ್ಕ ಮೊಗಸಾಲೆಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಿಂತಲ್ಲೇ ಅಳತೊಡಗಿದಳು. ಕಣ್ಣೊರೆಸಿಕೊಳ್ಳಲು ಸೆರಗಿಗೆ ಕೈ ಹಾಕಿದರೆ ಬಾಗಿಲು ಜಾರುತ್ತಿತ್ತು.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಸೊಸೆಯ ಮುಖ ನೋಡಿದರು. ಒಳಗೆ ಹೋಗಲಿಲ್ಲ. ಮೆಟ್ಟಿಲಿನ ಕಡೆ ತಿರುಗಿ ಆಸ್ಪತ್ರೆಯ ವಾರ್ಡಿಗೆಲ್ಲ ಕೇಳಿಸುತ್ತಿದ್ದ ತಮ್ಮ ಹಳೆಯ ಗಂಟಲಿನಲ್ಲಿ ಕೂಗಿದರು: "ಗಾರ್ಡಪ್ಪಾ! ಆ ಬಡಗೀನ ಎಳ್ಕೊಂಡು ಬಾ!"

ಬಡಗಿ ಬಂದ. ಬಂದವನು ಬಾಗಿಲು ಮುಟ್ಟಲಿಲ್ಲ.

"ಅಜ್ಜಿ, ಜೈಲಿಗೆ ಹಾಕ್ತಾರೆ."

"ಯಾರ್ನ?"

"ಯಾರು ಹಾಕ್ಸಿದ್ರೋ ಅವ್ರನ್ನ."

"ಹಾಕ್ಸಿದ್ದು ನಾನು. ಹೋಗ್ತೀನಿ. ಜೈಲಲ್ಲಿ ಇನ್ನೇನಿಲ್ದಿದ್ರೂ ಬಾಗಿಲಂತೂ ಇರತ್ತಲ್ಲ? ಅದೂ ಕಬ್ಬಿಣದ್ದು."

ಗಾರ್ಡ್ ಸಾಹೇಬರು ಕೈ ಹಿಸುಕಿಕೊಂಡರು. "ಅಮ್ಮಾ, ಕಟ್ಟಡಾನೇ ಹೋಗತ್ತೆ. ಸ್ವಲ್ಪ ಯೋಚ್ನೆ ಮಾಡಿ."

"ನೀನು ಯೋಚ್ನೆ ಮಾಡಪ್ಪಾ. ಕಟ್ಟಡ ಉಳೀಲಿ ಅಂತ ಇವಳನ್ನ ಗೋಡೆಗೆ ಹೊಡೆದ್ರಲ್ಲ, ಇವಳೇನು ಮೊಳೆನಾ? ಇವಳು ಇಲ್ಲಿ ನಿಂತು ನಿಂತು ಸತ್ರೆ ಆ ಹೆಣಾನೂ ನಿಲ್ಸಿರ್ತೀರಾ ವಾಯಿದೆವರೆಗೆ?"

ಬಡಗಿ ಕೂತ. ಕೀಲುಗಳನ್ನು ಜೋಡಿಸಿ ತಿರುಪು ಬಿಗಿದ. ಗಾರ್ಡ್ ಸಾಹೇಬರು ಮೊದಲು ಬೇಡ ಬೇಡ ಎನ್ನುತ್ತಾ ನಿಂತಿದ್ದರು, ಆಮೇಲೆ ಅವರೇ ತಿರುಪುಗಳನ್ನು ಒಂದೊಂದಾಗಿ ಎತ್ತಿಕೊಟ್ಟರು. ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಕಾಜಕ್ಕ ಹೊರಗೆ ನಿಂತೇ ಇದ್ದಳು, ಬೆನ್ನು ಬಾಗಿಲಿಗೆ ಒತ್ತಿ. ಸರಿಯಬಹುದು ಎಂದು ಅವಳಿಗೆ ಯಾರಾದರೂ ಹೇಳಬೇಕಾಯಿತು.

ನಿಂದನೆಯ ನೋಟಿಸು ತಡ ಮಾಡಲಿಲ್ಲ. ಅತ್ತೆಯ ಹೆಸರಿಗೇ ಬಂತು. "ಹಾಕ್ಸಿದ್ದು ನಾನು" ಎಂದು ಅವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದರಲ್ಲ. ತಂದವನು ಅದೇ ಅಮೀನ. ಕಾಜಕ್ಕ ಅಂಗಿ ಕೊಡಲು ಹೋಗಿದ್ದಳು. ಗಾರ್ಡ್ ಸಾಹೇಬರು ಮೊಗಸಾಲೆಯ ತುದಿಗೆ ಬೆರಳು ತೋರಿಸಿದರು.

ಅಮೀನ ಬಾಗಿಲು ತಟ್ಟಿದ.

"ಜನ ಇದೆ" ಎಂದರು ಅತ್ತೆ.

"ಕೋರ್ಟಿಂದ ಬಂದಿದೀನಿ. ನೋಟಿಸಿದೆ, ತಗೋಬೇಕು."

"ಕೋರ್ಟಾದ್ರೂ ಕಾಯ್ಬೇಕು."

ಕಾದ. ಹೊಟ್ಟೆಗೆ ಏನು ತಿಂದಿದ್ದರೋ, ಬೇಕೆಂದೇ ಕೂತರೋ, ಅತ್ತೆ ಏಳಲಿಲ್ಲ. ಇನ್ನೊಮ್ಮೆ ತಟ್ಟಿದ. "ತೆಗೀತೀರೋ ಇಲ್ವೋ?"

"ತೆಗಿಯಲ್ಲ. ಯಾಕ್ ತೆಗೀಲಿ? ಇಷ್ಟು ದಿನ ತೆಗೆದೇ ಇತ್ತು, ಆಗ ಬರ್ಬೇಕಿತ್ತು."

ಅಮೀನನಿಗೆ ಇನ್ನೂ ಹತ್ತು ಮನೆ ಸುತ್ತಬೇಕಿತ್ತು. ಇಂಥ ಸಂದರ್ಭಕ್ಕೆ ನಿಯಮ ಇದೆ: ಮನುಷ್ಯ ಬಾಗಿಲ ಹಿಂದೆ ಇದ್ದೂ ತೆರೆಯದಿದ್ದರೆ ನೋಟಿಸನ್ನು ಬಾಗಿಲಿಗೇ ಅಂಟಿಸಬೇಕು, ಸಾಕ್ಷಿಯ ಸಹಿ ಪಡೆಯಬೇಕು. ಅವನು ಚೀಲದಿಂದ ಗೋಂದಿನ ಸೀಸೆ ತೆಗೆದ. ಅಂಟಿಸಿದ. ಗಾರ್ಡ್ ಸಾಹೇಬರ ಸಹಿ ಹಾಕಿಸಿಕೊಂಡ. ಕಂಡದ್ದನ್ನು ಬರೆದ: ವ್ಯಕ್ತಿಯು ಕಕ್ಕಸಿನ ಒಳಗೆ ಚಿಲಕ ಹಾಕಿಕೊಂಡಿದ್ದು ತೆರೆಯಲು ನಿರಾಕರಿಸಿದ್ದರಿಂದ ಸದರಿ ಬಾಗಿಲಿಗೆ ನೋಟಿಸು ಅಂಟಿಸಿ ಜಾರಿ ಮಾಡಲಾಗಿದೆ.

ನಮ್ಮ ಕಡೆಯ ವಕೀಲರು ಅದನ್ನು ಓದಿ ಕುರ್ಚಿಯಿಂದ ಎದ್ದೇಬಿಟ್ಟರು. ಬಾಗಿಲಿಲ್ಲ ಎಂದು ಬರೆದ ಕೈಯೇ ಬಾಗಿಲಿಗೆ ಅಂಟಿಸಿದೆ. ಬಾಗಿಲು ಲೆಕ್ಕಕ್ಕಿಲ್ಲ ಎಂದರೆ ನೋಟಿಸು ಜಾರಿಯೇ ಆಗಿಲ್ಲ. ನೋಟಿಸು ಜಾರಿಯಾಗಿದೆ ಎಂದರೆ ಬಾಗಿಲು ಇದೆ. ಅದೂ ಅಲ್ಲದೆ ಈಗ ಬಾಗಿಲು ಕಿತ್ತರೆ ಕೋರ್ಟಿನ ನೋಟಿಸನ್ನು ಕಿತ್ತ ಹಾಗೆ. ತಮ್ಮನ ಕಡೆಯ ವಕೀಲನಿಗೂ ಇದು ಹೊಳೆದಿರಬೇಕು. ಅಂದಿನಿಂದ ಅವನು ವಾಯಿದೆಯ ಮೇಲೆ ವಾಯಿದೆ ಕೇಳುತ್ತಿದ್ದಾನೆ. ಅಣ್ಣ ಗೋಡೆಗೆ ಕೈ ಹಚ್ಚಿಲ್ಲ. ವ್ಯಾಜ್ಯ ನಡೆದೇ ಇದೆ, ನಡೆಯುವ ಲಕ್ಷಣವೂ ಚೆನ್ನಾಗಿದೆ.

ನ್ಯಾಯ ಸಿಕ್ಕಿತು ಎಂದು ನಾನು ಬರೆಯುವುದಿಲ್ಲ. ಗೋಂದು ಸಿಕ್ಕಿತು. ಯಾರೂ ಕಾಜಕ್ಕನ ಬಳಿ ಬಂದು ತಪ್ಪಾಯಿತು ಎನ್ನಲಿಲ್ಲ.

ವಕೀಲರು ಹೇಳಿದ್ದನ್ನು ಕಾಜಕ್ಕ ಮನೆಗೆ ಬಂದು ಬಾಗಿಲ ಹೊರಗೆ ನಿಂತೇ ಅತ್ತೆಗೆ ವಿವರಿಸಿದಳು. ಒಳಗಿನಿಂದ ಚೊಂಬು ಕೆಳಗಿಟ್ಟ ಸದ್ದು ಬಂತು.

"ಹಾಗಾದ್ರೆ ಆ ಕಾಗ್ದ ಇರೋವರೆಗೆ ಬಾಗಿಲು ಇರತ್ತೆ ಅನ್ನು."

"ಹೌದತ್ತೆ."

"ಗಟ್ಟಿಯಾಗಿ ಅಂಟಿಸಿದಾನಾ ನೋಡು."

ಕಾಜಕ್ಕ ಬಗ್ಗಿ ನೋಡಿದಳು. "ಕೆಳಗಿನ ಮೂಲೆ ಎದ್ದಿದೆ ಅತ್ತೆ."

"ಅಯ್ಯೋ, ನಿಂತ್ಕೊಂಡ್ ನೋಡ್ತಾ ಇದೀಯಲ್ಲೇ. ಹೋಗು, ಸ್ವಲ್ಪ ಗಂಜಿ ಹಚ್ಚಿ ಒತ್ತು."